ಯಾರೂ ಆಡದ ಸುರಂಗ

ಅಂಚೆಚೀಟಿ, ಹಳೇ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರು ನಮಗೆಲ್ಲ ಗೊತ್ತು. ಆಟಿಕೆ ರೈಲಿನ ಸುರಂಗಗಳನ್ನು ಕೂಡಿಡುವವರೂ ಇದ್ದಾರೆ ಅಂದರೆ ನಿಮಗೆ ನಗು ಬರಬಹುದು. ರೈಲಲ್ಲ, ಬರೀ ಸುರಂಗ! ಎರಡು ಬಾಯಿ, ನಡುವೆ ಖಾಲಿ ಜಾಗ, ಮೇಲೊಂದು ಗುಡ್ಡ. ಇದಕ್ಕೂ ಯಾರಾದರೂ ದುಡ್ಡು ಕೊಡುತ್ತಾರೆಯೇ? ಅಮೆರಿಕ, ಯುರೋಪುಗಳಲ್ಲಿ ಕೊಡುತ್ತಾರೆ. ಬ್ಯಾಂಕಿನಲ್ಲಿ ಅಡವಿಗೆ ಬಂದ ವಸ್ತುಗಳ ಬೆಲೆ ಕಟ್ಟುತ್ತಲೇ ವಯಸ್ಸಾದ ನನ್ನನ್ನು ಈ ವಿಷಯ ಯೋಚನೆಗೆ ಹಚ್ಚಿತು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಬೇಕು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ತೋರಿಸಿತು. ಹಳಿಗೆ ಹಳಿ ಜೋಡಿಸುತ್ತ ಅದನ್ನು ಬೆಳೆಸಬಹುದಿತ್ತು. ಅಮೆರಿಕದಲ್ಲಿ 1900ರಲ್ಲಿ ಲಯನೆಲ್ ಕಂಪನಿ ಶುರುವಾಯಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ರೈಲು 1920ರಲ್ಲಿ ಬಂತು. ರೈಲು ಮಾರಿದವರು ನಿಲ್ದಾಣ, ಸೇತುವೆ, ಸಿಗ್ನಲ್ ಕಂಬ, ಸುರಂಗ ಎಲ್ಲವನ್ನೂ ಮಾರಿದರು. ಕೆಲವು ಸುರಂಗ ಬಣ್ಣದ ತಗಡಿನವು; ಇನ್ನು ಕೆಲವು ಅರೆದ ಕಾಗದಕ್ಕೆ ಅಂಟು ಕಲಸಿ ಮಾಡಿದವು. ಗುಡ್ಡದ ಮೇಲೆ ಹಸಿರು, ಅಂಕುಡೊಂಕಾದ ದಾರಿ, ಎಲ್ಲೋ ಒಂದು ಪುಟ್ಟ ಮನೆ.

ಇವುಗಳಲ್ಲಿ ಚೆನ್ನಾಗಿ ಉಳಿದದ್ದು ಕಡಿಮೆ. ಎಂಜಿನ್ನು ಗಟ್ಟಿ ಸಾಮಾನು, ಪೆಟ್ಟಿಗೆಯಲ್ಲಿ ಹಿಡಿಸುತ್ತದೆ. ಸುರಂಗಕ್ಕೆ ತೂಕವಿಲ್ಲ, ಜಾಗ ಮಾತ್ರ ಬಹಳ ಬೇಕು. ಅಮೆರಿಕದಲ್ಲಿ ಕ್ರಿಸ್‌ಮಸ್ ಗಿಡದ ಬುಡದಲ್ಲಿ ರೈಲು ಹೂಡುವ ರೂಢಿ. ಹಬ್ಬ ಮುಗಿದರೆ ಎಲ್ಲವೂ ಅಟ್ಟಕ್ಕೆ. ಅಲ್ಲಿ ಕಾಗದಕ್ಕೆ ತೇವ, ಇಲಿ, ತಗಡಿಗೆ ತುಕ್ಕು. ಇದರ ಮೇಲೆ ಮಗುವಿನ ಕೈ. ಒಳಗೆ ಹೋದ ರೈಲು ಹಳಿ ತಪ್ಪಿ ನಿಂತರೆ ಮಗು ಕೈ ತೂರಿಸುತ್ತದೆ, ಇಲ್ಲವೇ ಗುಡ್ಡವನ್ನೇ ಎತ್ತುತ್ತದೆ. ಅಂಚು ಮುರಿಯುತ್ತದೆ, ಬಣ್ಣ ಏಳುತ್ತದೆ.

ಈಗ ಬೆಲೆಯ ಮಾತು. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ ಆಟಿಕೆಗಳ ಸ್ಥಿತಿ ಅಳೆಯಲು ಒಂದರಿಂದ ಹತ್ತರವರೆಗಿನ ದರ್ಜೆ ಮಾಡಿತು. ಹತ್ತು ಯಾವುದಕ್ಕೆ? ಅಂಗಡಿಯಿಂದ ಬಂದ ಹಾಗೇ ಇರುವುದಕ್ಕೆ. ಅಂದರೆ ಯಾವ ಮಗುವೂ ಆಡದ ವಸ್ತುವಿಗೆ! ಆಡಂ ಸ್ಮಿತ್ 1776ರಲ್ಲೇ ಉಪಯೋಗದ ಮೌಲ್ಯ ಬೇರೆ, ವಿನಿಮಯದ ಮೌಲ್ಯ ಬೇರೆ ಅಂತ ಹೇಳಿದ್ದನ್ನು ಕಾಮರ್ಸ್ ಓದಿದವರೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಇಲ್ಲಿ ಅವೆರಡೂ ತಿರುಗುಮುರುಗಾಗಿ ನಿಂತಿವೆ. ಸಾವಿರ ಸಲ ರೈಲು ಹಾದುಹೋದ ಸುರಂಗಕ್ಕೆ ಕಡಿಮೆ ಬೆಲೆ. ಒಮ್ಮೆಯೂ ಹಾಯದ್ದಕ್ಕೆ ಹೆಚ್ಚು. ಇದು ನ್ಯಾಯವೇ?

ಹಾಗಂತ ಸಂಗ್ರಹಕಾರನನ್ನು ಸುಮ್ಮನೆ ಬೈಯುವ ಹಾಗೂ ಇಲ್ಲ. ಯುದ್ಧದ ಕಾರಣ 1942ರಲ್ಲಿ ಲಯನೆಲ್ ರೈಲು ಮಾಡುವುದನ್ನೇ ನಿಲ್ಲಿಸಿತು. 1943ರಲ್ಲಿ ಮಕ್ಕಳಿಗೆ ಸಿಕ್ಕಿದ್ದು ರಟ್ಟಿನ ರೈಲು. ರಟ್ಟು ಎಷ್ಟು ದಿನ ಬಾಳೀತು? ಅದು ಹೇಗಿತ್ತು ಅಂತ ಇವತ್ತು ಗೊತ್ತಾಗುವುದು ಯಾರೋ ಜೋಪಾನ ಮಾಡಿದ್ದರಿಂದ. ಎಲ್ಲರೂ ಆಡಿ ಮುಗಿಸಿದ್ದರೆ ಮೊಮ್ಮಕ್ಕಳಿಗೆ ತೋರಿಸಲು ಏನೂ ಇರುತ್ತಿರಲಿಲ್ಲ.

ಇದನ್ನು ಈ ಪುಸ್ತಕದಲ್ಲಿ ಯಾಕೆ ಬರೆಯುತ್ತಿದ್ದೇನೆ? ಹೊರನಾಡಿನಲ್ಲಿರುವ ನಾವೂ ಒಂದು ಬಗೆಯ ಸಂಗ್ರಹಕಾರರೇ. ಊರು ಬಿಟ್ಟ ವರ್ಷದ ಊರು, ಆ ವರ್ಷದ ಭಾಷೆ, ಆ ವರ್ಷದ ಪದ್ಧತಿ, ಎಲ್ಲವನ್ನೂ ಪೆಟ್ಟಿಗೆ ಸಮೇತ ಎತ್ತಿಟ್ಟಿದ್ದೇವೆ. ಊರಿನವರು ಅದನ್ನು ದಿನಾ ಬಳಸಿ ಬದಲಿಸಿಕೊಂಡರು. ನಮ್ಮದು ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತದೆ. ಮುಂಬೈಯ ಮೊಮ್ಮಗು "ಅಜ್ಜಾ, ಕಂಟಾಳಾ ಬಂತು" ಅಂದರೆ ಅದರಲ್ಲಿ ಅರ್ಧ ಮರಾಠಿ. ಬೇಜಾರು ಅನ್ನು, ಬೇಜಾರು ಅನ್ನು ಅಂತ ನಾಲ್ಕು ಸಲ ತಿದ್ದಿದರೆ ಐದನೇ ಸಲ ಮಗು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುತ್ತದೆ. ಆಮೇಲೆ ನಮ್ಮ ಹತ್ತಿರ ಹತ್ತಕ್ಕೆ ಹತ್ತು ಅಂಕದ ಕನ್ನಡ ಇರುತ್ತದೆ, ಆಡುವ ಮಗು ಇರುವುದಿಲ್ಲ.

ಸುರಂಗ ಇರುವುದು ಹಾಯುವುದಕ್ಕೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದಾಗಿನಿಂದ ಮುಂಬೈಯಿಂದ ಮಂಗಳೂರಿಗೆ ಹೋಗುವವರು 90ಕ್ಕೂ ಹೆಚ್ಚು ಸುರಂಗ ದಾಟುತ್ತಾರೆ. ರತ್ನಾಗಿರಿ ಹತ್ತಿರದ ಕರಬುಡೆ ಒಂದೇ 6.5 ಕಿಲೋಮೀಟರ್. ಅವುಗಳ ಗೋಡೆ ಕಪ್ಪಾಗಿದೆ, ನೀರು ಜಿನುಗುತ್ತದೆ ಅಂತ ಯಾರೂ ಅಂಕ ಕಳೆಯುವುದಿಲ್ಲ. ಊರು ತಲುಪಿದರೆ ಸಾಕು.

ಜೋಪಾನವೂ ಬೇಕು, ಬಳಕೆಯೂ ಬೇಕು ಅನ್ನುವುದು ಸುಲಭದ ಮಾತು. ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಏನು ಮಾಡಬೇಕು ಅನ್ನುವುದೇ ಕಷ್ಟ. ನನ್ನ ಮಟ್ಟಿಗೆ, ಎತ್ತಿಟ್ಟವನು ಮಾಲೀಕನಲ್ಲ, ಟ್ರಸ್ಟಿ. ಟ್ರಸ್ಟಿಯ ಕೈಯಲ್ಲಿರುವ ಆಸ್ತಿ ಇನ್ನೊಬ್ಬರ ಉಪಯೋಗಕ್ಕೆ ಇರುವಂಥದು. ಆ ಇನ್ನೊಬ್ಬರು ಎದುರಿಗೇ ಬಂದು ಕೈ ಚಾಚಿದಾಗ ಪೆಟ್ಟಿಗೆ ತೆಗೆಯಲೇಬೇಕು. ಅಂಚು ಸ್ವಲ್ಪ ಮುರಿದೀತು, ಬಣ್ಣ ಹೋದೀತು, ಹೋಗಲಿ ಬಿಡಿ. ತಿದ್ದುವುದಿದ್ದರೆ ಮಗು ಮಾತು ಮುಗಿಸಿದ ಮೇಲೆ ತಿದ್ದೋಣ.