ನಿಯಮವನ್ನು ಬದಲಿಸುವ ನಿಯಮ

ಆಡುವವರೇ ಆಟದ ನಡುವೆ ಆಟದ ನಿಯಮಗಳನ್ನು ಬದಲಿಸಬಹುದಾದರೆ ಅದನ್ನು ಆಟವೆನ್ನಬಹುದೆ? ಜಗುಲಿಯ ಮೇಲೆ ಚೌಕಾಬಾರ ಆಡುವ ಮಕ್ಕಳನ್ನು ಕೇಳಿದರೆ ಇಲ್ಲವೆಂದೇ ಹೇಳುವರು. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ ಎಂಬುದನ್ನು ಕವಡೆ ಹಾಕುವ ಮೊದಲೇ ನಿಶ್ಚಯಿಸಿಕೊಳ್ಳುವರು. ನಡುವೆ ಅದನ್ನು ತಿರುಗಿಸಹೊರಟವನೊಡನೆ ಜಗಳವೇ ಸರಿ. ಆದರೆ 1982ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಪೀಟರ್ ಸೂಬರ್ ಅವರ ‘ನಾಮಿಕ್’ ಎಂಬ ಆಟ ಪ್ರಕಟವಾಯಿತು. ಅದರಲ್ಲಿ ನಡೆಯೆಂದರೆ ನಿಯಮದ ತಿದ್ದುಪಡಿಯೊಂದನ್ನು ಸೂಚಿಸಿ ಮತಕ್ಕೆ ಹಾಕುವುದು. ಮೊದಲು ಎಲ್ಲರ ಒಪ್ಪಿಗೆಯೂ ಬೇಕು. ಆ ನಿಯಮವನ್ನು ಯಾರೂ ತಿದ್ದದಿದ್ದರೆ ಎರಡು ಸುತ್ತುಗಳ ಬಳಿಕ ಸರಳ ಬಹುಮತ ಸಾಕು. ಆಗ ಗೆದ್ದ ಸೂಚನೆಯನ್ನು ವಿರೋಧಿಸಿದವರಿಗೆ ತಲಾ 10 ಅಂಕಗಳು ಸಲ್ಲುತ್ತವೆ. ಸೋತ ಅಭಿಪ್ರಾಯಕ್ಕೂ ಬೆಲೆ ಕಟ್ಟಿದ ಈ ಏರ್ಪಾಡು ನಮಗೆ ಬಹಳ ಹಿಡಿಸಿತು.

ವಾಚಕರೇ, ಇದು ಕೇವಲ ವಿನೋದವಲ್ಲ. ನಮ್ಮ ದೇವನೂರಿನಂಥ ಊರಿನಲ್ಲಿ ನೂರು ಮಂದಿಯ ಸಂಘವೊಂದಿದೆಯೆಂದು ಭಾವಿಸಿರಿ. ಅಲ್ಲಿ 51 ಮಂದಿ ಸೇರಿ, “ಇನ್ನು ಮುಂದೆ ಬೈಲಾ ತಿದ್ದಲು ನೂರಕ್ಕೆ ನೂರು ಮಂದಿಯೂ ಒಪ್ಪಬೇಕು” ಎಂದು ಠರಾವು ಮಾಡಿದರೆ? ಸರಳ ಬಹುಮತ ಸಾಕೆಂಬ ನಿಯಮವಿದ್ದರೆ ಅದು ಸಕ್ರಮವೇ. ಆದರೆ ಮರುದಿನದಿಂದ ಒಬ್ಬನೇ ಒಬ್ಬ ತೊಂಬತ್ತೊಂಬತ್ತು ಮಂದಿಯನ್ನು ಕಟ್ಟಿಹಾಕಬಲ್ಲ. ತಾವು ದಾಟಲಾರದ ಬೇಲಿಯನ್ನು ಅವರು ಮಕ್ಕಳ ಮುಂದೆ ನಿಲ್ಲಿಸಿದಂತಾಯಿತು. ಬೇಲಿಯನ್ನು ಎತ್ತರಿಸುವವನು ಮೊದಲು ಅಷ್ಟೇ ಎತ್ತರವನ್ನು ದಾಟಿ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ. ಬೇಲಿಯನ್ನು ತಗ್ಗಿಸುವುದಂತೂ ಇನ್ನೂ ಸೂಕ್ಷ್ಮ. ಅದನ್ನೇ ನಂಬಿ ಒಳಗೆ ನಿಂತವರು ಕೆಲವರು ಇದ್ದೇ ಇರುತ್ತಾರೆ.

ನಮ್ಮ ಸಂವಿಧಾನದ 368ನೆಯ ಅನುಚ್ಛೇದ ಇಂಥದೇ ನಿಯಮ. ತಿದ್ದುಪಡಿಗೆ ಪ್ರತಿಯೊಂದು ಸದನದ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ನೀಡಿದವರಲ್ಲಿ ಮೂರನೇ ಎರಡು ಭಾಗದ ಸಮ್ಮತಿಯೂ ಬೇಕು. ಕೆಲವು ವಿಷಯಗಳಿಗೆ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಬೇಕು. ಆ ವಿಷಯಗಳಲ್ಲಿ 368ನೆಯ ಅನುಚ್ಛೇದವೂ ಒಂದು. ಮೇಲೆ ಹೇಳಿದ ಬೇಲಿಯ ಆಕ್ಷೇಪ ಸಂವಿಧಾನಸಭೆಯ ಮುಂದೆಯೂ ಇತ್ತು. ವಯಸ್ಕ ಮತದಾನದಿಂದ ಆರಿಸಿಬಾರದ ಈ ಸಭೆ ಸರಳ ಬಹುಮತದಿಂದ ಸಂವಿಧಾನವನ್ನು ಅಂಗೀಕರಿಸುವುದು, ವಯಸ್ಕ ಮತದಾನದಿಂದ ಬರುವ ಸಂಸತ್ತಿಗೆ ಮಾತ್ರ ಆ ಹಕ್ಕಿಲ್ಲ, ಇದೆಂಥ ನ್ಯಾಯವೆಂಬ ಪ್ರಶ್ನೆಗೆ ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಉತ್ತರವಿತ್ತರು. ಈ ಸಭೆಗೆ ಸ್ವಪಕ್ಷದ ಸ್ವಾರ್ಥವಿಲ್ಲ, ಮುಂದಿನ ಸಂಸತ್ತಿಗೆ ತನ್ನ ಕಾರ್ಯಸಾಧನೆಯ ಆತುರವಿರುತ್ತದೆ ಎಂಬುದು ಅದರ ಸಾರ. ಸ್ವಾರ್ಥವೇ ಇಲ್ಲದ ಸಭೆಯನ್ನು ನಾವಂತೂ ಕಂಡಿಲ್ಲ. ಆದರೂ ಕವಡೆ ಹಾಕುವ ಮುನ್ನ ನಿಯಮ ಮಾಡುವವನಿಗೂ, ತನ್ನ ಕಾಯಿ ಎಲ್ಲಿದೆಯೆಂದು ನೋಡಿಕೊಂಡು ನಿಯಮ ತಿದ್ದುವವನಿಗೂ ಅಂತರವಿದೆಯಲ್ಲವೆ?

ಹಾಗಾದರೆ ವಿಧಿಬದ್ಧವಾಗಿ ಮತ ದೊರೆತರೆ ಏನನ್ನಾದರೂ ತಿದ್ದಬಹುದೆ? ಕಾಸರಗೋಡಿನ ಎಡನೀರು ಮಠಾಧೀಶರಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ 1970ರಲ್ಲಿ ಹೂಡಿದ ದಾವೆಯಲ್ಲಿ ಈ ಪ್ರಶ್ನೆಯೇ ಎದ್ದಿತು. ಹದಿಮೂರು ನ್ಯಾಯಾಧೀಶರು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು ಏಳು ಮಂದಿ, ಸಂಸತ್ತು ಯಾವ ಅನುಚ್ಛೇದವನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸಂರಚನೆಯನ್ನು ಮಾತ್ರ ಕೆಡಿಸಲಾಗದು ಎಂದರು. ಆರು ಮಂದಿ ಒಪ್ಪಲಿಲ್ಲ. ಮೂರನೇ ಎರಡರಷ್ಟು ಜನಪ್ರತಿನಿಧಿಗಳಿಗೂ ನಿಲುಕದ ಮೇರೆಯನ್ನು ಒಂದೇ ಮತದ ಅಂತರ ಹಾಕಿತು! ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣಲಾರೆವು. ನ್ಯಾಯಪೀಠ ಬೇಲಿಯ ಎತ್ತರವನ್ನು ತಾನು ದಾಟಿ ತೋರಿಸಲಿಲ್ಲವೆನ್ನುವವರ ಮಾತಿನಲ್ಲಿ ಹುರುಳಿದೆ.

ಆದರೆ ಮುಂದೆ ನಡೆದುದನ್ನು ನೋಡಿರಿ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೆಯ ತಿದ್ದುಪಡಿ 368ನೆಯ ಅನುಚ್ಛೇದಕ್ಕೇ 4 ಮತ್ತು 5ನೆಯ ಖಂಡಗಳನ್ನು ಸೇರಿಸಿತು: ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ. ನಿಯಮವನ್ನು ಬದಲಿಸುವ ನಿಯಮ ತನ್ನನ್ನೇ ಬದಲಿಸಿಕೊಂಡು ನಿರಂಕುಶವಾಯಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಎರಡು ಖಂಡಗಳನ್ನು ತಳ್ಳಿಹಾಕಿತು. ಈ ವಿಷಯದಲ್ಲಿ ಐವರು ನ್ಯಾಯಾಧೀಶರದೂ ಒಂದೇ ಮತ. ಮಿತವಾದ ಅಧಿಕಾರ ಪಡೆದವನು ಅದೇ ಅಧಿಕಾರದಿಂದ ತನ್ನನ್ನು ಅಮಿತನನ್ನಾಗಿ ಮಾಡಿಕೊಳ್ಳಲಾರ ಎಂಬುದು ಅವರ ತರ್ಕ. ಮುದ್ರೆ ಕಾಯಲು ನೇಮಿಸಿದ ಪಾರುಪತ್ಯಗಾರ ಆ ಮುದ್ರೆಯನ್ನೇ ಒತ್ತಿ ಆಸ್ತಿಯನ್ನು ತನ್ನ ಹೆಸರಿಗೆ ಬರೆದುಕೊಂಡರೆ ಯಾವ ಭಕ್ತ ಒಪ್ಪಿಯಾನು? ಇಂದು ಸೋತವರಿಗೆ ನಾಳೆ ಗೆಲ್ಲುವ ದಾರಿಯನ್ನೇ ಮುಚ್ಚುವ ಮತವನ್ನು, ಎಣಿಕೆ ಎಷ್ಟೇ ಇರಲಿ, ನಾವು ಮತವೆಂದು ಕರೆಯಲಾರೆವು.

ನ್ಯಾಯಪೀಠ, ಸಂಸತ್ತು ಎರಡನ್ನೂ ಬಿಟ್ಟು ಮೂರನೆಯ ಹಾದಿಯೊಂದನ್ನೂ ನಡುವೆ ಯೋಚಿಸಲಾಗಿತ್ತು. ಆ ಏಳು ಮಂದಿಯಲ್ಲಿ ಒಬ್ಬರಾದ ಕನ್ನಡಿಗ ಕೆ. ಎಸ್. ಹೆಗ್ಡೆಯವರು, ತೀರ್ಪಿನ ಬೆನ್ನಿಗೇ ತಮಗಿಂತ ಕಿರಿಯರು ಮುಖ್ಯ ನ್ಯಾಯಾಧೀಶರಾದಾಗ ರಾಜೀನಾಮೆಯಿತ್ತು, 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದರು. 1978ರ ತಿದ್ದುಪಡಿ ಮಸೂದೆಯಲ್ಲಿ, ಮೂಲ ಲಕ್ಷಣಗಳನ್ನು ಮುಟ್ಟಬೇಕಾದರೆ ಜನಮತಗಣನೆಯಾಗಬೇಕು, ಮತದಾರರಲ್ಲಿ ಶೇಕಡಾ 51 ಮಂದಿಯಾದರೂ ಅದರಲ್ಲಿ ಭಾಗವಹಿಸಬೇಕು ಎಂದಿತ್ತು. ಲೋಕಸಭೆ ಒಪ್ಪಿತು; ರಾಜ್ಯಸಭೆ ಆ ಭಾಗವನ್ನು ಕೈಬಿಟ್ಟಿತು. ಹೀಗಾಗಿ 4 ಮತ್ತು 5ನೆಯ ಖಂಡಗಳನ್ನು ಸಂಸತ್ತು ತೆಗೆಯಲೇ ಇಲ್ಲ. ಅಸಿಂಧುವಾದರೂ ಅವು ಇಂದಿಗೂ ಸಂವಿಧಾನದ ಪುಸ್ತಕದಲ್ಲಿ ಅಡಿಟಿಪ್ಪಣಿಯೊಡನೆ ಅಚ್ಚಾಗುತ್ತಿವೆ.