ಕುಲದೇವತೆಯಿಂದ ಇಷ್ಟದೇವತೆಗೆ: ಮೊಗೇರಿಯ ಕವಿಯ ಹಾದಿ

ಎರಡು ಸಂಸ್ಕೃತಿಗಳ ನಡುವೆ ಬೆಳೆಯುವುದು ಕಡಲಾಚೆಯ ಕನ್ನಡ ಮನೆಗಳ ಮಕ್ಕಳಿಗಷ್ಟೇ ಒದಗಿದ ಪಾಡೆಂದು ಭಾವಿಸುವುದು ರೂಢಿಯಾಗಿದ್ದರೂ, ಆ ಪಾಡಿನ ಅತ್ಯಂತ ಗಾಢವಾದ ದಾಖಲೆಗಳಲ್ಲೊಂದು ಕುಂದಾಪುರ ಸೀಮೆಯ ಕಿರಿಮಂಜೇಶ್ವರದ ಸಮೀಪದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಎಂ. ಗೋಪಾಲಕೃಷ್ಣ ಅಡಿಗರ ಕಾವ್ಯದಲ್ಲಿ ಸಿಗುತ್ತದೆ. ವೈದಿಕ ಮನೆತನದ ಮಂತ್ರ ಮತ್ತು ಪುರಾಣ, ಬಡಗುತಿಟ್ಟು, ಅಂದರೆ ಕುಂದಾಪುರ ಸೀಮೆಯಲ್ಲಿ ಬೇರುಬಿಟ್ಟ ಯಕ್ಷಗಾನದ ಶೈಲಿ, ಇವು ಅವರಿಗೆ ಹುಟ್ಟಿನಿಂದ ಬಂದವು. ಇಂಗ್ಲಿಷ್ ಸಾಹಿತ್ಯ, ವಿಶೇಷವಾಗಿ ಎಲಿಯಟ್ ಮತ್ತು ಆಡೆನ್ನರ ಕಾವ್ಯ, ಘಟ್ಟ ಹತ್ತಿ ಮೈಸೂರಿಗೆ ಹೋಗಿ ಓದಿ, ಅಲ್ಲಿಯೇ ಅಧ್ಯಾಪಕರಾದ ಅವಧಿಯಲ್ಲಿ ಒಲಿದವು. ಆಗ ಕುಂದಾಪುರ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಮೈಸೂರು ಅರಸರ ಸಂಸ್ಥಾನವಾಗಿತ್ತು. ಆದ್ದರಿಂದ ಆ ಪಯಣವೂ ಒಂದು ಆಡಳಿತದಿಂದ ಇನ್ನೊಂದಕ್ಕೆ, ಊರಿನ ಕುಂದಗನ್ನಡದಿಂದ ಅರಮನೆ ಪೇಟೆಯ ಕನ್ನಡಕ್ಕೆ ದಾಟಿದ ಸಣ್ಣ ವಲಸೆಯೇ ಆಗಿತ್ತು.

ಊರಿನ ಪರಂಪರೆ ಮತ್ತು ಇಂಗ್ಲಿಷ್ ಓದು, ಈ ಎರಡರ ನಡುವೆ ತಮ್ಮದೇ ಜೀವನದರ್ಶನವನ್ನು ಕಂಡುಕೊಳ್ಳಲು ಅಡಿಗರಿಗೆ ಸಾಕಷ್ಟು ಕಾಲ ಹಿಡಿಯಿತು. 'ಭಾವತರಂಗ'ದಲ್ಲಿ (1946) ನವೋದಯ ಕಾವ್ಯದ ರಮ್ಯ ಧಾಟಿಯೂ 'ಕಟ್ಟುವೆವು ನಾವು' ಸಂಕಲನದಲ್ಲಿ ಹೊಸ ನಾಡು ಕಟ್ಟುವ ಹುರುಪೂ ಇದ್ದವು. ಸ್ವಾತಂತ್ರ್ಯಾನಂತರದ ಭ್ರಮನಿರಸನದಲ್ಲಿ ಎರಡೂ ಅವರಿಗೆ ಸಾಲದಾದವು. 1954ರಲ್ಲಿ ಬಂದ 'ಚಂಡೆಮದ್ದಳೆ'ಯ ಹೆಸರು ಯಕ್ಷಗಾನದ ವಾದ್ಯಗಳದು, ಒಳಗಿನ ತಳಮಳವಾದರೋ ಆಧುನಿಕ ಮನುಷ್ಯನದು. ಎಲಿಯಟ್ಟರನ್ನು ಓದದಿದ್ದರೆ ಚಂಡೆಯ ಪೆಟ್ಟು ಹೊಸ ಕಾವ್ಯದ ಲಯವಾಗಬಲ್ಲುದೆಂದು ಹೊಳೆಯುತ್ತಿತ್ತೋ ಇಲ್ಲವೋ ಹೇಳಲಾಗದು. ಚಂಡೆ ಕಿವಿಯಲ್ಲಿ ಇಲ್ಲದಿದ್ದರೆ ಆ ಓದು ಬರಿಯ ಅನುಕರಣೆಯಲ್ಲಿ ಮುಗಿಯುತ್ತಿತ್ತೆಂಬುದಂತೂ ನಿಶ್ಚಯ.

ಅವರ ನಿಲುವು ಸ್ಪಷ್ಟವಾಗಿ ಮೂಡಿದ್ದು 'ಭೂತ' ಎಂಬ ಕವಿತೆಯಲ್ಲಿ. ಗತಕಾಲ ಅಲ್ಲಿ ಮೊದಲು ಪೀಡೆಯಾಗಿ ಕಾಡುತ್ತದೆ. ಆಮೇಲೆ ನೆಲ ಅಗೆದು ಅದಿರು ತೆಗೆದು, ಸುಟ್ಟು ಸೋಸಿ, ಬಂದ ಚಿನ್ನವನ್ನು ಬಡಿದು ಇಷ್ಟದೇವತೆಯ ವಿಗ್ರಹ ಮಾಡಿಕೊಳ್ಳುವ ಕಸುಬನ್ನು ಕಲಿಯಬೇಕೆಂಬ ಮಾತಿಗೆ ಕವಿತೆ ತಲುಪುತ್ತದೆ. ಕುಲದೇವತೆ ಮನೆತನದಿಂದ ತಾನಾಗಿ ಬರುವ ದೈವ, ಇಷ್ಟದೇವತೆ ವ್ಯಕ್ತಿ ತನ್ನ ಒಲವಿನಿಂದ ಆರಿಸಿಕೊಂಡದ್ದು. ಪಿತ್ರಾರ್ಜಿತವನ್ನು ಹಾಗೆಯೇ ಪೂಜೆಗಿಡದೆ, ಹಾಗೆಂದು ಎಸೆಯದೆ, ತನ್ನ ಕಾಲದ ಬೆಂಕಿಗೆ ಒಡ್ಡಿ ಉಳಿದದ್ದನ್ನು ಮಾತ್ರ ತನ್ನದೆನ್ನುವ ಈ ಕ್ರಮ, ಎರಡೂ ಕಡೆಯಿಂದ ಒಳ್ಳೆಯದನ್ನಷ್ಟೇ ಆಯ್ದುಕೊಳ್ಳಿರೆಂಬ ಸಭೆಗಳ ಸಲೀಸಾದ ಉಪದೇಶಕ್ಕಿಂತ ಬಹಳ ಕಷ್ಟದ್ದು, ಏಕೆಂದರೆ ಒಳ್ಳೆಯದು ಯಾವುದೆಂಬುದು ಅಗೆದು ಸುಡುವವರೆಗೆ ತಿಳಿಯುವುದೇ ಇಲ್ಲ. ಹೀಗೆ ಪಡೆದ ದರ್ಶನವನ್ನು ಎಲ್ಲರೂ ಒಪ್ಪಲೇಬೇಕೆಂದೇನೂ ಇಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದಿಂದ ನಿಂತ ಅಡಿಗರ ರಾಜಕೀಯವನ್ನು ಅವರ ಕಾವ್ಯದ ಅಭಿಮಾನಿಗಳಲ್ಲೇ ಹಲವರು ಒಪ್ಪಲಿಲ್ಲ.

ಅಡಿಗರ ಕವಿತೆಗಳನ್ನು ಇಂಗ್ಲಿಷಿಗೆ ತಂದವರಲ್ಲೊಬ್ಬರಾದ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ತಮಿಳು, ಕನ್ನಡ, ಇಂಗ್ಲಿಷ್‌ಗಳ ನಡುವೆ ಬೆಳೆದು, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ವಚನಗಳ ಅನುವಾದವನ್ನು 1973ರಲ್ಲಿ ಪ್ರಕಟಿಸಿದರು. ದೂರದಲ್ಲಿದ್ದುದು ಅವರಿಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಅಗೆಯಲು ಬೇಕಾದ ಕನ್ನಡ ಅವರಲ್ಲಿತ್ತು.

ಪರದೇಶದ ಕನ್ನಡ ಸಂಘಗಳು ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಹಬ್ಬದ ಉಡುಗೆ, ನೃತ್ಯ, ಊಟ. ಇವು ಬೇಕು, ಆದರೆ ಇವುಗಳಲ್ಲಿ ಪ್ರಶ್ನೆಗೆ ಎಡೆಯಿಲ್ಲ. ಅಕ್ಷರ ಕಲಿತ ಮಕ್ಕಳಿಗೆ ಹದಿನಾರರ ಹೊತ್ತಿಗೆ 'ಭೂತ'ದಂಥ ಕಷ್ಟದ ಕವಿತೆಯೊಂದನ್ನು ಹಿರಿಯರು ಜೊತೆಗೆ ಕುಳಿತು ಓದಿಸಲಿ. ಅದನ್ನು ಓದಿ ಮಕ್ಕಳು ಮನೆಯ ನಂಬಿಕೆಯೊಂದನ್ನು ಒಪ್ಪುವುದಿಲ್ಲವೆಂದರೆ, ಆ ಮಾತನ್ನು ಕನ್ನಡದಲ್ಲೇ ವಾದಿಸುವಂತೆ ಅವರನ್ನು ಕೇಳಲಿ.