ಮನೆ ಕಟ್ಟುವವರ ಮನೆತನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿಲ್ಲ. ಆದರೆ ಈ ಗಾದೆ ಹುಟ್ಟಿದ್ದು ಮನೆ ಕಟ್ಟಿಸುವವನ ಬಾಯಲ್ಲಿ, ಕಟ್ಟುವವನ ಬಾಯಲ್ಲಲ್ಲ. ಸಾಲ ಮಾಡಿ, ಮರಳಿಗೂ ಮರಕ್ಕೂ ಅಲೆದವನ ನಿಟ್ಟುಸಿರು ಅದರಲ್ಲಿದೆ. ಬಿಸಿಲಲ್ಲಿ ನಿಂತು ದಾರ ಕಟ್ಟಿ, ತೂಗುಗುಂಡು ಬಿಟ್ಟು ಗೋಡೆ ಏರಿಸಿದವನ ಮಾತನ್ನು ಗಾದೆ ಕೇಳುವುದಿಲ್ಲ. ಅವನ ಕೆಲಸಕ್ಕೂ ಒಂದು ಧರ್ಮವುಂಟೆ? ಉಂಟಾದರೆ ಅದು ಅವನೊಬ್ಬನದೊ, ಅವನ ಮನೆತನದ್ದೊ?

ನಮ್ಮ ಸಣ್ಣ ಊರುಗಳಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದಿದೆ. ಕಡೂರಿನಲ್ಲೊ ತರೀಕೆರೆಯಲ್ಲೊ ಅಜ್ಜಂಪುರದಲ್ಲೊ ಒಬ್ಬರು ಮನೆ ಕಟ್ಟಿಸಲು ಹೊರಟರೆನ್ನಿ. ನೆರೆಯವರು ಹೇಳುವುದು: "ಅವರಿಗೇ ಕೊಡಿ ಸ್ವಾಮಿ. ಅವರ ತಂದೆಯೂ ಇದೇ ಕೆಲಸ ಮಾಡಿದವರು. ಊರು ಬಿಟ್ಟು ಹೋಗುವವರಲ್ಲ." ತಂದೆ ಮೇಸ್ತ್ರಿ, ಹಿರಿಯ ಮಗ ಕಂಟ್ರಾಕ್ಟರು, ಕಿರಿಯವನು ಇಂಜಿನಿಯರಿಂಗ್ ಓದಿ ಬಂದು ನಕ್ಷೆ ಬರೆಯುವವನು, ಸೊಸೆ ಲೆಕ್ಕಪತ್ರ ನೋಡಿಕೊಳ್ಳುವವಳು, ಹೀಗೆ ಒಂದು ಸಂಸಾರವೇ ಒಂದು ಕಂಪನಿಯಾಗಿರುತ್ತದೆ. ಹೊಸ ಮನೆ ಕಟ್ಟುವುದು, ಹಂಚಿನ ಮನೆಯ ಒಂದು ಭಾಗಕ್ಕೆ ತಾರಸಿ ಹಾಕುವುದು, ವಯಸ್ಸಾದವರಿಗೆಂದು ಬಚ್ಚಲನ್ನು ಮಲಗುವ ಕೋಣೆಯ ಹತ್ತಿರಕ್ಕೆ ತರುವುದು, ಎಲ್ಲವೂ ಅವರ ಕೆಲಸವೇ. ನೆರೆಯವರ ಸಲಹೆಯಲ್ಲಿ ಎರಡು ಮಾತುಗಳಿವೆ. ಒಂದು ರಕ್ತದ ಮಾತು, ಇನ್ನೊಂದು ಊರಿನ ಮಾತು. ಸಾಮಾನ್ಯವಾಗಿ ನಾವು ಮೊದಲನೆಯದನ್ನೇ ದೊಡ್ಡದು ಮಾಡುತ್ತೇವೆ. ನಿಜವಾದ ಬೆಲೆ ಇರುವುದು ಎರಡನೆಯದರಲ್ಲಿ ಎಂದು ನನ್ನ ಎಣಿಕೆ.

ಮನೆಯೆಂಬುದು ವಿಚಿತ್ರವಾದ ಸರಕು. ಸೀರೆ ಕೊಳ್ಳುವವರು ಅದನ್ನು ಬೆಳಕಿಗೆ ಹಿಡಿದು ನೋಡಬಹುದು. ಅಕ್ಕಿ ಕೊಳ್ಳುವವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಬಹುದು. ಮನೆಯಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗಿರುತ್ತದೆ. ಪಾಯ ಮಣ್ಣಿನೊಳಗೆ, ಕಬ್ಬಿಣದ ಸರಳು ಕಾಂಕ್ರೀಟಿನೊಳಗೆ, ನೀರಿನ ಕೊಳವೆ ಗೋಡೆಯೊಳಗೆ. ಕಾಂಕ್ರೀಟಿಗೆ ನೀರು ಹೆಚ್ಚು ಬೆರೆಸಿದರೆ ಕಲಸುವುದೂ ಸುಲಭ, ಸುರಿಯುವುದೂ ಸುಲಭ. ಬಲ ಮಾತ್ರ ಕುಗ್ಗುತ್ತದೆ. ಹಾಕಿದ ತಾರಸಿಯನ್ನು ಕನಿಷ್ಠ 7 ದಿನ ಒದ್ದೆಯಾಗಿ ಇಡಬೇಕು. ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ. ಮೂರೇ ದಿನಕ್ಕೆ ಕೈಬಿಟ್ಟರೆ ಗೃಹಪ್ರವೇಶಕ್ಕೆ ಬಂದು ಊಟ ಮಾಡಿ ಹೋಗುವವರಲ್ಲಿ ಯಾರಿಗೂ ಅದು ತಿಳಿಯದು.

ಮಣ್ಣಿನ ಮಾತನ್ನೇ ನೋಡಿ. ಅಜ್ಜಂಪುರದ ಸುತ್ತ ಎರೆಭೂಮಿಯಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಾಯಿಬಿಡುತ್ತದೆ. ಕೆಂಪು ಮಣ್ಣಿನ ನಿವೇಶನದಲ್ಲಿ ಸಾಕಾದ ಪಾಯ ಅಲ್ಲಿ ಸಾಲದು. ಆ ಉಬ್ಬುತಗ್ಗು ತಟ್ಟದಷ್ಟು ಆಳಕ್ಕೆ ಹೋಗಬೇಕು, ಇಲ್ಲವೆ ಎರೆಯನ್ನು ತೆಗೆದು ಗಟ್ಟಿಮಣ್ಣು ತುಂಬಿ ದಮ್ಮಸು ಮಾಡಬೇಕು. ಇದು ಕಟ್ಟುವವನಿಗೆ ಗೊತ್ತು. ಕಟ್ಟಿಸುವವರಿಗೆ ಎರಡು ಕಡೆಯೂ ಕಾಣುವುದು ಒಂದು ಗುಂಡಿ ಅಷ್ಟೆ. ಗೋಡೆ ಬಿರುಕು ಬಿಡುವುದು ಒಂದೆರಡು ಬೇಸಗೆ ಕಳೆದ ಮೇಲೆ. ಅಷ್ಟರಲ್ಲಿ ಹಣ ಸಂದಾಯವಾಗಿರುತ್ತದೆ. ಒಬ್ಬನಿಗೆ ಮಾತ್ರ ತಿಳಿದ ಸತ್ಯ, ಅದನ್ನು ಮಣ್ಣು ಮುಚ್ಚುವ ಅಧಿಕಾರವೂ ಅವನ ಕೈಯಲ್ಲೇ. ಇಂಥ ಗಳಿಗೆಯಲ್ಲಿ ಮನುಷ್ಯನನ್ನು ಕಾಯುವುದು ಯಾವುದು?

ಕಾನೂನು ಎನ್ನಬಹುದು. ಕ್ರಿ. ಪೂ. 18ನೆಯ ಶತಮಾನದಲ್ಲಿಯೇ ಬ್ಯಾಬಿಲೋನಿನ ದೊರೆ ಹಮ್ಮುರಾಬಿ, ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಗೋಡೆ ಓಲಿದರೆ ಕಟ್ಟಿದವನೇ ಸ್ವಂತ ಹಣದಿಂದ ಗಟ್ಟಿಮಾಡಿಕೊಡಬೇಕೆಂದೂ ವಿಧಿಸಿದ. ನಮ್ಮ ದೇಶದ 2016ರ ರಿಯಲ್ ಎಸ್ಟೇಟ್ ಕಾಯಿದೆ ಅಷ್ಟು ಉಗ್ರವಲ್ಲ. ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷವನ್ನು ತೋರಿಸಿಕೊಟ್ಟರೆ 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಬೇಕೆನ್ನುತ್ತದೆ. ಆದರೆ ಅದು ಬಡಾವಣೆ, ಅಪಾರ್ಟ್‌ಮೆಂಟುಗಳನ್ನು ಮಾಡಿ ಮಾರುವವರಿಗೆ ಅನ್ವಯಿಸುವ ಕಾಯಿದೆ. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸಿಕೊಂಡ ಕಡೂರಿನ ಮೇಷ್ಟರಿಗೆ ಅದರ ಆಸರೆಯಿಲ್ಲ. ಗ್ರಾಹಕರ ನ್ಯಾಯಾಲಯದ ಮೆಟ್ಟಿಲನ್ನು ಅವರು ಹತ್ತಬಹುದು. ಆದರೆ ಬಹಳ ಮಂದಿ ಹತ್ತುವುದು ಕಂಟ್ರಾಕ್ಟರ ಮನೆಯ ಮೆಟ್ಟಿಲನ್ನೇ. ಆ ಮನೆಯ ಬಾಗಿಲು ತೆರೆಯುತ್ತದೆಯೆ ಎಂಬುದೇ ಅವರ ಕಾಯಿದೆ.

ಇಲ್ಲಿ ಹೆಸರಿನ ವಿಚಾರ ಬರುತ್ತದೆ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಎದ್ದ ಅಮೃತೇಶ್ವರ ದೇವಾಲಯವಿದೆ. ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದ ಶಿಲ್ಪಗಳ ಮೇಲೂ ಕಾಣುತ್ತದೆ. ಅದಕ್ಕೂ ಹಿಂದೆ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ತಂದೆ ಮಕ್ಕಳು ಒಂದೇ ಕಟ್ಟಡದಲ್ಲಿ ದುಡಿದು ತಮ್ಮ ಕೆಲಸದ ಮೇಲೆ ಹೆಸರು ಕೆತ್ತಿದರು. ಅದು ಹೆಮ್ಮೆ ಹೌದು. ಜೊತೆಗೆ ಹೊಣೆಯೂ ಹೌದು. ಹೆಸರು ಬರೆದವನು 'ತಪ್ಪಿದ್ದರೆ ನನ್ನನ್ನು ಕೇಳಿ' ಎಂದ ಹಾಗಾಯಿತು. ಆದರೆ ಒಂದನ್ನು ಗಮನಿಸಬೇಕು. ಹೆಸರು ಇರುವುದು ಕಣ್ಣಿಗೆ ಬೀಳುವ ವಿಗ್ರಹದ ಕೆಳಗೆ. ಅಮೃತಾಪುರದ ಗುಡಿ ಎಂಟು ಶತಮಾನಗಳಿಂದ ನಿಂತಿರುವುದು ಯಾರ ಕಣ್ಣಿಗೂ ಬೀಳದ ತಳದ ಕಲ್ಲುಗಳ ಮೇಲೆ. ಆ ಕಲ್ಲುಗಳನ್ನು ಕೂರಿಸಿದವರು ಯಾರ ಮೆಚ್ಚಿಗೆಯನ್ನೂ ಕಾದವರಲ್ಲ.

ಹಾಗಾದರೆ ಮನೆತನವೇ ಪ್ರಾಮಾಣಿಕತೆಗೆ ಜಾಮೀನೆ? ಅಲ್ಲ. ಹುಟ್ಟಿದ ಮನೆಯ ಕಸುಬಿಗೆ ಮಗನನ್ನು ಕಟ್ಟಿಹಾಕಿದ ನಮ್ಮ ಸಮಾಜ ಎಷ್ಟು ಜನರ ಬಾಳನ್ನು ಕುಗ್ಗಿಸಿತೆಂಬುದನ್ನು ಮರೆಯುವಂತಿಲ್ಲ. ನಮ್ಮ ವಾಸ್ತುಗ್ರಂಥವಾದ ಮಯಮತವೇ, ಸ್ಥಪತಿಯ ಬಲಗೈಯಾದ ಸೂತ್ರಗ್ರಾಹಿ ಅವನ ಮಗನಾಗಿರಬಹುದು ಅಥವಾ ಶಿಷ್ಯನಾಗಿರಬಹುದು ಎನ್ನುತ್ತದೆ. ಆ 'ಅಥವಾ' ಎಂಬುದರಲ್ಲಿ ವಿವೇಕವಿದೆ. ಜಪಾನಿನ ಕೊಂಗೊ ಗುಮಿ ಎಂಬ ಕಟ್ಟಡದ ಕಂಪನಿ 578ರಲ್ಲಿ ಆರಂಭವಾಗಿ ಒಂದೇ ಮನೆತನದ ಕೈಯಲ್ಲಿ ಹದಿನಾಲ್ಕು ಶತಮಾನ ನಡೆಯಿತು. ಅಲ್ಲಿ ಯೋಗ್ಯತೆ ನೋಡಿ ಅಳಿಯನನ್ನೂ ಮನೆಯ ಹೆಸರು ಕೊಟ್ಟು ಯಜಮಾನನನ್ನಾಗಿ ಮಾಡಿಕೊಳ್ಳುತ್ತಿದ್ದರು. ಅಂಥ ಮನೆತನವೂ ನೆಲದ ವ್ಯಾಪಾರಕ್ಕೆ ಕೈಹಾಕಿ, ಸಾಲದಲ್ಲಿ ಮುಳುಗಿ, 2006ರಲ್ಲಿ ಬೇರೊಂದು ಕಂಪನಿಯ ವಶವಾಯಿತು. ಹಳೆಯ ಹೆಸರು ಅದನ್ನು ಉಳಿಸಲಿಲ್ಲ.

ಹೆಸರೆಂಬುದು ಆಸ್ತಿಯಲ್ಲ, ಸಾಲ. ತಂದೆ ಕಟ್ಟಿದ ಮನೆಯ ಗೋಡೆ ಬಿರುಕು ಬಿಟ್ಟಾಗ, 'ಅದು ನಮ್ಮ ತಂದೆಯ ಕಾಲದ್ದು, ನನಗೇನು ಗೊತ್ತು?' ಎನ್ನುವ ಮಗ ಹೆಸರನ್ನು ತೆಗೆದುಕೊಂಡು ಸಾಲವನ್ನು ಬಿಟ್ಟುಬಿಟ್ಟ. ಗೋಡೆಯನ್ನು ಬಂದು ನೋಡಿ, 'ಪಾಯ ಆಳ ಸಾಲಲಿಲ್ಲ, ತಪ್ಪು ನಮ್ಮದೇ' ಎಂದು ಕೆಲಸಕ್ಕೆ ಇಳಿದವನೇ ಹೆಸರಿಗೆ ಹಕ್ಕುದಾರ. ಅವನು ಮಗನೇ ಆಗಬೇಕೆಂದಿಲ್ಲ. ಅಳಿಯನಾಗಲಿ, ಕೈಕೆಳಗೆ ಕಲಿತ ಹುಡುಗನಾಗಲಿ, ಅದೇ ಮನೆತನ.

ದುರಸ್ತಿಯ ಕೆಲಸದಲ್ಲಿ ಈ ಪರೀಕ್ಷೆ ಇನ್ನೂ ಕಠಿನ. ಹಳೆಯ ತೊಟ್ಟಿಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಸುವ ಹುಮ್ಮಸ್ಸಿನಲ್ಲಿ ಮನೆಯವರು ಬಂದಿರುತ್ತಾರೆ. ತೊಲೆಗಳು ಗಟ್ಟಿಯಾಗಿವೆ, ಗೋಡೆ ನೆಟ್ಟಗಿದೆ. ರೀಪರುಗಳನ್ನು ಬದಲಾಯಿಸಿ, ಒಡೆದ ಹಂಚು ತೆಗೆದು ಹೊಸದು ಹೊದಿಸಿದರೆ ಇನ್ನೊಂದು ತಲೆಮಾರಿಗೆ ಸಾಕು. ಹಾಗೆ ಹೇಳಿದರೆ ದೊಡ್ಡ ಕೆಲಸ ಕೈತಪ್ಪುತ್ತದೆ, ಹೇಳದಿದ್ದರೆ ಕೇಳುವವರಿಲ್ಲ. 'ಕೆಡವಬೇಡಿ' ಎಂಬ ಒಂದು ಮಾತಿಗೆ ಕಟ್ಟುವವನು ತನ್ನ ಒಂದು ವರ್ಷದ ಸಂಪಾದನೆಯನ್ನು ತೆತ್ತಂತಾಗುತ್ತದೆ.

ಆ ಮಾತಿಗೆ ತಕ್ಕ ಬೆಲೆಯನ್ನು ನಾವು, ಕಟ್ಟಿಸುವವರು, ಕೊಡುತ್ತೇವೆಯೆ? ಮೂರು ಕಡೆ ದರ ಕೇಳಿ, ಎಲ್ಲಕ್ಕಿಂತ ಕಡಮೆ ಹೇಳಿದವನಿಗೇ ಕೆಲಸ ಒಪ್ಪಿಸಿ, ಅದರಲ್ಲೂ ಚೌಕಾಸಿ ಮಾಡಿ, ಕೊನೆಯ ಕಂತನ್ನು ಆರು ತಿಂಗಳು ಸತಾಯಿಸುವವರು ಪಾಯದ ಆಳವನ್ನು ತಾವೇ ಕಡಮೆ ಮಾಡಿಸಿದವರಲ್ಲವೆ? ಕಾಣದ ಕೆಲಸಕ್ಕೆ ಕಟ್ಟುವವನು ನಿಷ್ಠನಾಗಿರಬೇಕು ಎನ್ನುವವರು, ಆ ಕಾಣದ ಕೆಲಸಕ್ಕೂ ಹಣ ಕೊಡಲು ಸಿದ್ಧರಿರಬೇಕು. ಸೂರಿನ ಕೆಳಗೆ ನಿಶ್ಚಿಂತೆಯಿಂದ ಮಲಗುವವರು ನಾವು, ನಮ್ಮ ಮಕ್ಕಳು.